ಬಸವಂತರಾಯನ ಸಿನೆಮಾ ರಾಶಿ

ನಮ್ಮೂರ ಬಸವಂತರಾಯ ಜರ್ಮನಿಯವರ ಜೊತೆ ಪಾಲುಗಾರಿಕೆಗೆ ಇಳಿದದ್ದು ದುಡ್ಡಿನ ಆಸೆಗಲ್ಲ, ಬೀಗರ ಮೇಲಿನ ಸಿಟ್ಟಿಗೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಓದುವವರು ಅವನನ್ನು ಆಸೆಬುರುಕ ಎಂದು ತಿಳಿದಾರು. ಅವನಿಗೆ ಆಸೆ ಇರಲಿಲ್ಲ. ಬೀಗರು ಇದ್ದರು.

ಬೀಗ ಮಲ್ಕಣ್ಣ ಅಕ್ಕಲಕೋಟೆ ಸೀಮೆಯವನು. ನಮ್ಮದು ಮೊಗಲಾಯಿ ಎನ್ನುವ ನಿಜಾಮನ ರಾಜ್ಯ, ಚೌಡಾಪುರದ ಹತ್ತಿರದ ಹಳ್ಳಿ, ಅವನದು ಗಡಿಯಾಚೆ. ಎರಡನೆಯ ಮಹಾಯುದ್ಧಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು. ಯುಗಾದಿಗೆಂದು ಮಗಳನ್ನು ಕಳಿಸಲು ಬಂದ ಮಲ್ಕಣ್ಣ ಊಟಕ್ಕೆ ಕೂತಲ್ಲಿ, ತಾನು ಸೊಲ್ಲಾಪುರದ ಹತ್ತಿ ಗಿರಣಿಯೊಂದರಲ್ಲಿ ಪಾಲುದಾರನಾದ ಸುದ್ದಿ ತೆಗೆದ. ಹೋಳಿಗೆ ಆರಿತು, ಸುದ್ದಿ ಆರಲಿಲ್ಲ.

"ಮೊಗಲಾಯಿದಾಗ ಇದ್ದೋರಿಗಿ ಇದೆಲ್ಲಾ ಎಲ್ಲಿ ತಿಳೀಬೇಕ್ರಿ ಬೀಗ್ರ? ನೀವು ಎತ್ತಿನ ಬಾಲ ಹಿಡಿಯೋರು. ಕಂಪನಿ, ಪಾಲು, ಕರಾರು ಅಂದ್ರ ಬ್ಯಾರೇನೇ ಐತಿ ನೋಡ್ರಿ."

ಬಸವಂತರಾಯನ ಕೈಯ ತುತ್ತು ಕೈಯಲ್ಲೇ ನಿಂತಿತು. ಎತ್ತಿನ ಸುದ್ದಿಗೆ ಬಂದದ್ದು ಅವನಿಗೆ ಹೆಚ್ಚು ನೋವಾಯಿತು. ಅವನ ಮನೆಯ ಬಿಳಿ ಜೋಡಿ ಎತ್ತುಗಳಂಥವು ಅಫಜಲಪುರ ತಾಲೂಕಿನಲ್ಲೇ ಇರಲಿಲ್ಲ. ಅವನ ಹೆಂಡತಿ ಗುರಮ್ಮ ಅವನ್ನು ಕರುಗಳಿದ್ದಾಗಿನಿಂದ ಸಾಕಿದ್ದಳು. ಗಂಡ ಒಂದು ಹೊತ್ತು ತಡವಾಗಿ ಬಂದರೆ ಅವಳು ಕೇಳುತ್ತಿದ್ದುದು, "ಎತ್ತು ನೀರು ಕುಡದಾವೇನ್ರಿ?" ಎಂದೇ.

ಬೀಗ ಹೋದ ಎಂಟೊಂಬತ್ತು ದಿವಸಕ್ಕೆ ನಮ್ಮೂರಿಗೆ ಒಂದು ಮೋಟಾರು ಬಂತು. ಅದರೊಳಗಿಂದ ಟೊಪ್ಪಿಗೆಯ ಒಬ್ಬ ಕೆಂಪು ಮನುಷ್ಯ ಇಳಿದ. ಅವನ ಹೆಸರು ಕ್ರಾಮರ್, ದೇಶ ಜರ್ಮನಿ, ಕಸುಬು ಸಿನೆಮಾ ತೆಗೆಯುವುದು. ಅವನ ಹಿಂದೆ ಇಳಿದವನು ಮುಂಬಯಿಯ ಸೇಟಜಿಯೊಬ್ಬನ ಮ್ಯಾನೇಜರ ದತ್ತೋಪಂತ, ಸೊಲ್ಲಾಪುರದವನಾದ್ದರಿಂದ ನಮ್ಮ ಮಾತು ಬಲ್ಲವನು. ಜರ್ಮನಿಯ ಒಂದು ಕಂಪನಿ ಮತ್ತು ಮುಂಬಯಿಯ ಸೇಟಜಿ ಕೂಡಿ ಹಿಂದೂಸ್ಥಾನದ ರೈತನ ಬಾಳುವೆಯ ಮೇಲೆ ಒಂದು ಸಿನೆಮಾ ಮಾಡುವುದು, ಅದನ್ನು ಎರಡೂ ದೇಶಗಳಲ್ಲಿ ತೋರಿಸುವುದು ಎಂದು ನಿಶ್ಚಯವಾಗಿತ್ತು. ರೈತ ಸಿಕ್ಕಿರಲಿಲ್ಲ. ಕ್ರಾಮರ್ ಸಾಹೇಬ ಮೋಟಾರಿನಿಂದ ಇಳಿದವನೇ ಬಸವಂತರಾಯನ ಎತ್ತುಗಳ ಮುಂದೆ ಕೈ ಮುಗಿದವರ ಹಾಗೆ ನಿಂತುಬಿಟ್ಟ.

"ಒಂದು ತಿಂಗಳು ನಿಮ್ಮ ಹೊಲ, ನಿಮ್ಮ ಕಣ, ನಿಮ್ಮ ಎತ್ತು ಬೇಕಾಗ್ತಾವ," ಎಂದ ದತ್ತೋಪಂತ. "ಬಾಡಿಗಿ ಎಷ್ಟು ಹೇಳ್ರಿ."

ಬಸವಂತರಾಯ ಮೀಸೆಯ ಮೇಲೆ ಕೈಯಾಡಿಸಿದ. "ಬಾಡಿಗಿ ತೊಗೊಳ್ಳೋ ಮನಿತನ ಅಲ್ರಿ ನಮ್ದು. ಪಾಲು ಕೊಡ್ರಿ."

ದತ್ತೋಪಂತ ಒಂದು ಗಳಿಗೆ ಬೆಪ್ಪಾದ. ಆಮೇಲೆ ಅವನ ಮುಖ ಅರಳಿತು. ಬಾಡಿಗೆ ಎಂದರೆ ಇವತ್ತೇ ಕೊಡಬೇಕಾದದ್ದು. ಪಾಲು ಎಂದರೆ ಯಾವತ್ತೋ. ಅವನು ಬಸವಂತರಾಯನನ್ನು ಅಪ್ಪಿಕೊಂಡು, "ಇವತ್ತಿಂದ ನೀವು ನಾವು ಪಾಲುಗಾರರು!" ಎಂದ. ಇಡೀ ಊರು ಬೆಚ್ಚಿತು. ಪಕ್ಕದ ಮನೆಯ ಮುದುಕಿ ನಿಂಬೆವ್ವ ಕೈಯ ಕೊಡ ಕೆಳಗಿಟ್ಟು, "ಯವ್ವಾ, ಜರ್ಮನಿದವ್ರು ಇವ್ನ ಪಾಲಿಗಿ ಬಂದ್ರೇನ ಬೇ!" ಎಂದಳು.

ಕರಾರು ಬರೆಸಲು ಎಲ್ಲರೂ ಅಫಜಲಪುರದ ವಕೀಲ ಬುರಾನುದ್ದೀನ ಸಾಹೇಬರಲ್ಲಿಗೆ ಹೋದರು. ಬುರಾನುದ್ದೀನ ಸಾಹೇಬರು ದೊಡ್ಡ ವಕೀಲರು. ಜೀವಮಾನದುದ್ದಕ್ಕೂ ಅವರು ಬರೆದದ್ದು ಹೊಲ ಪಾಲಿಗೆ ಹಾಕಿಕೊಳ್ಳುವ ಕರಾರು ಒಂದನ್ನೇ. ಆದರೆ ಅದನ್ನು ಬರೆದಂತೆ ಇನ್ನೊಬ್ಬರು ಬರೆಯಲಾರರು. ಉರ್ದುವಿನಲ್ಲಿ ಅದು ಅವರಿಗೆ ನಮಾಜಿನಷ್ಟು ಬಾಯಿಪಾಠವಾಗಿತ್ತು. ಸ್ಟಾಂಪು ಕಾಗದ ಹಾಸಿ, ಕನ್ನಡಕ ಏರಿಸಿ, ಅವರು ಕೇಳಿದರು:

"ಜಮೀನು ಯಾರ್ದು?"

"ನಂದ್ರಿ," ಎಂದ ಬಸವಂತರಾಯ.

"ಬೀಜ ಯಾರ್ದು?"

"ಬೀಜ ಅಲ್ರಿ ವಕೀಲಸಾಹೇಬ್ರ, ಇದು ಸಿನೆಮಾ," ಎಂದ ದತ್ತೋಪಂತ.

"ಬೀಜ ಇಲ್ದ ಏನು ಬೆಳೀತದ್ರಿ? ಖಾಲಿ ಫಿಲ್ಮು ಅಂತ ಏನೋ ಅಂದ್ರಲ್ಲ, ಅದನ್ಯಾರು ತರ್ತಾರ?"

"ಅದು ಸಾಹೇಬ್ರ ಕಂಪನಿದು. ಜರ್ಮನಿಯಿಂದ ಹಡಗದಾಗ ಬಂದದ."

"ಹಾಂ! ಬೀಜ ಸಾಹೇಬಂದು. ನೇಗಿಲಾ?"

"ನೇಗಿಲಾ... ಕ್ಯಾಮೆರಾ ಅನ್ಬೇಕೇನ್ರಿ? ಅದೂ ಅವ್ರದೇ."

"ಕೂಲಿ?"

"ನಟರ ಪಗಾರ ಸೇಟಜೀದು."

"ಆತಲ್ಲ! ಇದರಾಗ ಹೊಸಾದೇನದ? ಇಂಥಾವು ನಾ ಕಣ್ಣು ಮುಚ್ಚಿ ಬರೀತೀನಿ." ವಕೀಲರು ಬರೆಯುತ್ತ ಓದುತ್ತ ಹೋದರು: ಬೆಳೆ ಮೂರು ಪಾಲಾಗತಕ್ಕದ್ದು. ಕಣದಲ್ಲಿ, ಪಾಲುಗಾರರ ಎದುರಿಗೆ, ರಾಶಿ ಮಾಡಿ ಹಂಚಿಕೊಳ್ಳುವ ಮುಂಚೆ ಒಂದು ಕಾಳೂ ಊರು ದಾಟತಕ್ಕದ್ದಲ್ಲ. ಯಾವ ಪಾಲುಗಾರನ ಕೈಯಿಂದ ಬೆಳೆ ಕೆಡುವುದೋ ಅವನು ಹಾಕಿದ ಬಂಡವಾಳವು ಉಳಿದವರಿಗೆ ಸೇರತಕ್ಕದ್ದು. ಬಸವಂತರಾಯನ ಬಂಡವಾಳ: ಬಿಳಿ ಎತ್ತು, ಒಂದು ಜೋಡಿ. ಮಿಡತೆ ಬಂದರೆ ಎಲ್ಲರೂ ಕೂಡಿ ಓಡಿಸತಕ್ಕದ್ದು.

"ಸಿನೆಮಾಕ್ಕ ಮಿಡತಿ ಎಲ್ಲಿಂದ ಬರ್ತಾವ್ರಿ?" ಎಂದು ದತ್ತೋಪಂತ ನಕ್ಕ.

"ಬರಂಗಿಲ್ಲ ಅಂತ ಜಾಮೀನು ಕೊಡ್ತೀರಾ?"

ದತ್ತೋಪಂತ ಕೊಡಲಿಲ್ಲ. ಕಾಗದದ ಬೆನ್ನ ಮೇಲೆಯೂ ವಕೀಲರು ಬಹಳ ಹೊತ್ತು ಬರೆದರು. ಅಷ್ಟರಲ್ಲಿ ಉಳಿದವರಿಗೆ ಆಕಳಿಕೆ ಬಂದಿತ್ತು. ಇದೇನು ಬರೆದಿದೆ ಎಂದು ಕ್ರಾಮರ್ ಸಾಹೇಬ ಕೇಳಿದ. ಈ ದೇಶದಲ್ಲಿ ಎಲ್ಲರೂ ಬರೆಸುವಂಥದೇ ಎಂದು ದತ್ತೋಪಂತ ಇಂಗ್ಲಿಷಿನಲ್ಲಿ ಹೇಳಿದ. ಅದು ಸುಳ್ಳಲ್ಲ. ಬಸವಂತರಾಯ ಸಹಿಯ ಬದಲು ತನ್ನ ಅಪ್ಪ, ಅಜ್ಜ ಮಾಡಿದಂತೆ ಒಂದು ನೇಗಿಲ ಚಿತ್ರ ಗೀರಿದ. ಸಾಹೇಬ ಅದನ್ನು ನೋಡಿ ಬಲು ಸಂತೋಷಪಟ್ಟು, ಇದು ನಮ್ಮ ಕೂಡು ಕಂಪನಿಯ ಗುರುತಿರಬೇಕೆಂದು, ತನ್ನ ಹೆಸರಿನ ಪಕ್ಕದಲ್ಲಿಯೂ ಒಂದು ನೇಗಿಲು ಗೀರಿದ. ಸಾಹೇಬನ ನೇಗಿಲಿಗೆ ಕೈಯಲ್ಲಿ ಹಿಡಿಯುವ ಮೇಳಿ ಇರಲಿಲ್ಲ, ಬಸವಂತರಾಯನೇ ತಿದ್ದಿಕೊಟ್ಟ.

ಮನೆಗೆ ಬಂದು ಗುರಮ್ಮನಿಗೆ ಎಲ್ಲ ಹೇಳಿದಾಗ ಅವಳು ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಎತ್ತು ಬರಸೀರಿ? ಎತ್ತು?"

"ಬರೀ ಬಂಡವಾಳ ಅಂತ ಬೇ. ನಮ್ಮ ಕೈಯಾಗ ಬೆಳಿ ಯಾಕ ಕೆಡ್ತದ? ನಾ ಏನು ನಿನ್ನೆ ಮೊನ್ನೆ ಒಕ್ಕಲುತನ ಕಲತೀನೇನು?"

"ನೋಡ್ರಿ, ಆ ಎತ್ತು ಮುಂಬಯಿ ದಾರಿ ಹಿಡದ್ವು ಅಂದ್ರ ಹಗ್ಗ ಹಿಡಕೊಂಡು ನೀವೂ ಹಿಂದಿಂದ ಹೋಗ್ರಿ. ಹೊಳ್ಳಿ ಈ ಹೊಸ್ತಿಲಾ ತುಳೀಬ್ಯಾಡ್ರಿ."

ಗುರಮ್ಮ ಆಡಿದ ಮಾತು ಹಿಂದೆ ತೆಗೆದುಕೊಂಡದ್ದನ್ನು ನಮ್ಮೂರಲ್ಲಿ ಕಂಡವರಿಲ್ಲ.

ಆ ಒಂದು ತಿಂಗಳು ಊರಿಗೆ ದಿನಕ್ಕೊಂದು ದಿಗಿಲು. ಸಿನೆಮಾದ ನಾಯಕಿ ಹೊಲದಲ್ಲಿ ಅತ್ತಳು. ಹೆಂಗಸರೆಲ್ಲ ಹೋಗಿ ಸಮಾಧಾನ ಮಾಡಿದರು. ಸಾಹೇಬ ತಲೆ ತಲೆ ಚಚ್ಚಿಕೊಂಡು ಮತ್ತೆ ಅಳಿಸಿದ. ಅದೇ ಬಾವಿಯಿಂದ ಅದೇ ಕೊಡವನ್ನು ಅವಳು ಬೆಳಗಿನಿಂದ ಸಂಜೆಯವರೆಗೆ ಎತ್ತಿದ್ದನ್ನು ನೋಡಿ, "ಇಷ್ಟು ನೀರು ಸೇದಿದ್ರ ಒಂದು ಮಡಿ ಬದನಿಕಾಯಿ ಆಗ್ತಿತ್ತು," ಎಂದು ನಿಂಬೆವ್ವ ಮರುಗಿದಳು. ಬಸವಂತರಾಯ ಮಾತ್ರ ಎಲ್ಲವನ್ನೂ ಒಕ್ಕಲಿಗನ ಕಣ್ಣಿನಿಂದ ನೋಡುತ್ತಿದ್ದ. ಸಂಜೆ ಸಾಹೇಬ ಫಿಲ್ಮಿನ ಸುರುಳಿಗಳನ್ನು ತಗಡಿನ ಡಬ್ಬಿಗಳಲ್ಲಿಟ್ಟು ಪಟ್ಟಿ ಸುತ್ತುವಾಗ, ಅವನು ದೂರ ಕೂತು, "ಈ ವರ್ಷ ಇಳುವರಿ ಛಲೋ ಅದ," ಎನ್ನುತ್ತಿದ್ದ. ಪಾಲು ಬಂದ ಮೇಲೆ ತಮಗೂ ಒಂದೊಂದು ಮೊಳ ಕೊಡಬೇಕೆಂದು ಓಣಿಯವರೆಲ್ಲ ಹೇಳಿ ಇಟ್ಟರು. ನಾಯಕಿ ಇರುವ ತುಂಡೇ ಬೇಕೆಂದು ಕೆಲವರು, ಎತ್ತು ಇರುವ ತುಂಡು ಸಾಕೆಂದು ಕೆಲವರು.

ಕೊನೆಗೆ ಕೆಲಸ ಮುಗಿಯಿತು. ನಟರೆಲ್ಲ ಹೋದರು. ಮಾರನೆಯ ದಿವಸ ಡಬ್ಬಿಗಳನ್ನು ಮೋಟಾರಿಗೆ ಹೇರಿ ಸೊಲ್ಲಾಪುರಕ್ಕೆ ಒಯ್ಯುವುದೆಂದು ದತ್ತೋಪಂತ ಹೇಳಿದಾಗ ಬಸವಂತರಾಯ ಅವನ ಕೈ ಹಿಡಿದು ನಿಲ್ಲಿಸಿದ.

"ಮತ್ತ ರಾಶಿ?"

"ಯಾವ ರಾಶೀರಿ?"

"ರಾಶಿ ಮಾಡ್ದ, ಪಾಲು ಮಾಡ್ದ ಮಾಲು ಒಯ್ತೀರೇನ್ರಿ ಪಂತರ? ಹಗಲು ದರೋಡಿ ಇದು!"

ದತ್ತೋಪಂತ ನಕ್ಕು ಬೆನ್ನು ತಟ್ಟಿದ. ಸಿನೆಮಾ ಥೇಟರಿಗೆ ಹೋಗುವುದು, ಜನ ಟಿಕೀಟು ತೆಗೆಯುವುದು, ವರ್ಷವೆರಡು ವರ್ಷದ ಮೇಲೆ ಲೆಕ್ಕವಾಗುವುದು ಎಂದೆಲ್ಲ ಹೇಳಿದ. ಬಸವಂತರಾಯ ಕೇಳಿಸಿಕೊಂಡ. ಕಣ ಬಿಟ್ಟು ಹೋದ ಮಾಲು ಹಿಂದಿರುಗಿ ಬಂದದ್ದನ್ನು ಅವನ ಮನೆತನದಲ್ಲಿ ಯಾರೂ ಕಂಡಿರಲಿಲ್ಲ. ಅವನು ಎದ್ದು, ಕರಾರಿನ ಕಾಗದ ಕಂಕುಳಲ್ಲಿಟ್ಟುಕೊಂಡು, ಗಡಿಯ ಕರೋಡಗಿರಿ ನಾಕಾಕ್ಕೆ ಹೋದ.

ಕರೋಡಗಿರಿ ಎಂದರೆ ನಿಜಾಮ ಸರಕಾರದ ಸುಂಕದ ಇಲಾಖೆ. ಅಲ್ಲಿಯ ಅಮೀನ ಚಾಂದಪಾಶಾನ ನಾಕಾದಲ್ಲಿ ಬಹಳ ದಿವಸದಿಂದ ಒಂದು ಚೀಲ ಮೆಣಸಿನಕಾಯಿಯೂ ಸಿಕ್ಕಿಬಿದ್ದಿರಲಿಲ್ಲ. ಕರಾರು ಓದಿ ಅವನು ಹೌಹಾರಿದ. ಜಮೀನು ನಿಜಾಮನದು, ಬೀಜ ಜರ್ಮನಿಯದು, ಬೆಳೆ ಹೊರಟದ್ದು ಇಂಗ್ರೇಜಿ ಸೀಮೆಗೆ. ಪಾಲೂ ಆಗಿಲ್ಲ, ಸುಂಕವೂ ಆಗಿಲ್ಲ! ಮಾರನೆಯ ಬೆಳಿಗ್ಗೆ ಅವನು ತಟ್ಟು ಕುದುರೆ ಏರಿ, ಇಬ್ಬರು ಜವಾನರನ್ನು ಕರೆದುಕೊಂಡು, ದಾರಿಯಲ್ಲಿ ಬುರಾನುದ್ದೀನ ಸಾಹೇಬರನ್ನೂ ಕೂಡಿಸಿಕೊಂಡು, ಖುದ್ದಾಗಿ ನಮ್ಮೂರಿಗೆ ಬಂದು, ಮೋಟಾರಿನ ಡಬ್ಬಿಗಳನ್ನೆಲ್ಲ ಬಸವಂತರಾಯನ ಕಣದಲ್ಲಿ ಇಳಿಸಿದ.

"ಡಬ್ಯಾಗ ಏನದ?"

"ಫಿಲ್ಮು, ಅಮೀನಸಾಬ."

"ತೆಗೀರಿ."

"ತೆಗ್ಯಾಕ ಬರಂಗಿಲ್ರಿ! ಇನ್ನೂ ತೊಳದಿಲ್ಲ. ಬೆಳಕು ಬಿದ್ರ ಸತ್ತ ಹೋಗ್ತದ!"

ಚಾಂದಪಾಶಾ ಜವಾನರ ಕಡೆ ನೋಡಿದ. ಜವಾನರು ಚಾಂದಪಾಶಾನ ಕಡೆ ನೋಡಿದರು. "ಬೆಳಕಿಗಿ ಸಾಯೋ ಮಾಲು ನನ್ನ ನೌಕರಿದಾಗ ಒಂದೇ ಕಂಡೀನಿ. ಅಫೀಮು."

ದತ್ತೋಪಂತ ಡಬ್ಬಿಗಳ ಮೇಲೆ ಕೈ ಚಾಚಿ ನಿಂತ. "ಸಾಹೇಬ್ರನ್ನ ಕರಕೊಂಡು ಬರ್ತೀನಿ, ಅವ್ರು ಹೇಳ್ತಾರ, ಅಲ್ಲೀತನಕ ಯಾರೂ ಮುಟ್ಟಬ್ಯಾಡ್ರಿ," ಎಂದು ಅವನು ಕ್ರಾಮರ್ ಸಾಹೇಬ ಇಳಿದುಕೊಂಡಿದ್ದ ಚಾವಡಿಯ ಕಡೆ ಧೋತರ ಎತ್ತಿ ಓಡಿದ. ಆದರೆ ಅಷ್ಟರೊಳಗೆ ಮುಹೂರ್ತ ಬಂದುಬಿಟ್ಟಿತ್ತು.

ಬಸವಂತರಾಯ ನಸುಕಿನಲ್ಲೇ ಕಣ ಸಾರಿಸಿ ಕನ್ನಡಿಯಂತೆ ಮಾಡಿದ್ದ. ನಡುವಿನ ಮೇಟಿ ಕಂಬಕ್ಕೆ ಪೂಜೆಯಾಗಿತ್ತು. ಬೀಗ ಮಲ್ಕಣ್ಣನಿಗೆ ಹೇಳಿಕಳಿಸಿದ್ದರಿಂದ ಅವನೂ ಜರಿ ರುಮಾಲು ಸುತ್ತಿಕೊಂಡು ಬಂದು ಕೂತಿದ್ದ. ಊರೆಲ್ಲ ಕೆರವು ಬಿಟ್ಟು ಸುತ್ತ ನಿಂತಿತ್ತು. ರಾಶಿಯ ಮುಂದೆ ಜೋರಾಗಿ ಮಾತಾಡಬಾರದು, ಬೆರಳು ಮಾಡಿ ತೋರಿಸಬಾರದು. ಎಲ್ಲಕ್ಕಿಂತ ಹೆಚ್ಚಾಗಿ 'ಮುಗಿಯಿತು' ಎನ್ನಬಾರದು. ಇನ್ನು ಒಂದೊಂದೇ ಚೀಲದಿಂದ ಅಳೆದರೆ ಒಬ್ಬನಿಗೆ ಒಳ್ಳೆಯದು, ಒಬ್ಬನಿಗೆ ಕೆಟ್ಟದ್ದು ಹೋಗುತ್ತದೆ. ಆದ್ದರಿಂದ ಎಲ್ಲವನ್ನೂ ಸುರಿದು ಒಂದೇ ರಾಶಿ ಮಾಡಬೇಕು. ಬಸವಂತರಾಯ ನ್ಯಾಯವಂತ. ಅವನು ಮೊದಲನೆಯ ಡಬ್ಬಿಯ ಪಟ್ಟಿ ಕಿತ್ತು ಮುಚ್ಚಳ ತೆಗೆದು ಸುರಿದ. ಆಮೇಲೆ ಎರಡನೆಯದನ್ನು. ಆಮೇಲೆ ಎಲ್ಲವನ್ನೂ. ವೈಶಾಖದ ಬಿಸಿಲು ನೆತ್ತಿಗೆ ಬರುತ್ತಿತ್ತು. ಸುರುಳಿಗಳು ಬಿಚ್ಚಿಕೊಂಡು, ಒಂದರೊಳಗೊಂದು ಹೊಕ್ಕು, ಮೇಟಿಯ ಸುತ್ತ ಎದೆಮಟ್ಟ ನಿಂತವು. ಬಸವಂತರಾಯ ಒಂದು ತುದಿ ಹಿಡಿದು, ಕಾಳು ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಎನ್ನದೆ ಏನನ್ನುತ್ತಾರೋ ಅದನ್ನೇ, "ಲಾಭ!" ಎಂದು ರಾಗವಾಗಿ ಅಂದು, ಮೊಳ ಹಾಕಲು ಶುರು ಮಾಡಿದ.

ಹಾಕುತ್ತಿದ್ದವನು ನಿಂತ. ಪಟ್ಟಿಯನ್ನು ಕಣ್ಣಿನ ಹತ್ತಿರ ತಂದ. ಬಿಸಿಲಿಗೆ ಹಿಡಿದ. ತಿರುಗಿಸಿದ.

"ಇದರಾಗ ಯಾರೂ ಇಲ್ಲ," ಎಂದ.

ಒಬ್ಬೊಬ್ಬರೇ ಬಂದು ನೋಡಿದರು. ನಾಯಕಿ ಇರಲಿಲ್ಲ. ಬಾವಿ ಇರಲಿಲ್ಲ. ಎತ್ತುಗಳೂ ಇರಲಿಲ್ಲ. ಈ ತುದಿಯಿಂದ ಆ ತುದಿಗೆ ಬರೀ ಮಜ್ಜಿಗೆಯ ಬಣ್ಣ. ನಿಂಬೆವ್ವ ಎದೆಯ ಮೇಲೆ ಕೈಯಿಟ್ಟುಕೊಂಡು, ರಾಶಿಯ ಮುಂದೆ ಆಡಬಾರದೆಂದು ಪಿಸುಮಾತಿನಲ್ಲೇ ಅಂದಳು: "ಎಪ್ಪಾ, ಬರೀ ಜೊಳ್ಳು!"

ಅಷ್ಟರಲ್ಲಿ ಕ್ರಾಮರ್ ಸಾಹೇಬ ಬಂದ. ಅವನ ಒಂದು ಕೆನ್ನೆಗೆ ಸಾಬೂನು ಇತ್ತು. ಕಣದ ಅಂಚಿಗೆ ಬಂದು, ರಾಶಿ ನೋಡಿ, ಒಂದು ಸದ್ದು ಮಾಡಿದ. ಅದು ಜರ್ಮನಿಯ ಮಾತೋ, ಬರೀ ಸದ್ದೋ ನಮಗೆ ತಿಳಿಯಲಿಲ್ಲ; ತಟ್ಟು ಹಗ್ಗ ಹರಿದುಕೊಂಡು ಓಡಿತು. ಆಮೇಲೆ ಸಾಹೇಬ ಮೇಟಿಗೆ ಒರಗಿ ಕೂತವನು ಮಿಸುಕಲಿಲ್ಲ. ಅವನ ಹಿಂದೆ ಬಂದ ದತ್ತೋಪಂತ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಚೀರಿದ:

"ಮುಗೀತು! ಎಲ್ಲಾ ಮುಗೀತು!"

ಜನ ಹೌಹಾರಿತು. ಇಲ್ಲಿಯವರೆಗೆ ಆದದ್ದೆಲ್ಲ ಏನೂ ಅಲ್ಲ; ರಾಶಿಯ ಮುಂದೆ ನಿಂತು ಈ ಮನುಷ್ಯ 'ಮುಗೀತು' ಅಂದ! "ಯಾರರೆ ಅವ್ನ ಬಾಯಿ ಮುಚ್ರೋ!" ಎಂದು ಹೆಂಗಸರು ಕೂಗಿದರು. "ಅನ್ನಬಾರದ್ದು ಅಂದ, ನೋಡ್ರಿ ಜೊಳ್ಳಾತು," ಎಂದು ಮಲ್ಕಣ್ಣ ತೀರ್ಪು ಕೊಟ್ಟ. ಜೊಳ್ಳು ಮೊದಲಾಯಿತೋ ಮಾತು ಮೊದಲಾಯಿತೋ ಎಂದು ವಿಚಾರಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಬಸವಂತರಾಯ ಮಾತ್ರ ಸಾಹೇಬನ ಮುಂದೆ ಹೋಗಿ ನಿಂತ. "ಒಂದು ತಿಂಗಳಾ ಆ ಕ್ಯಾಮೆರಾ ಡಬ್ಬಿ ತಿರುವಿದಿ. ಒಳಗ ಏನೂ ಬಿದ್ದೇ ಇಲ್ಲಲ್ಲೋ ಪುಣ್ಯಾತ್ಮ!"

ದತ್ತೋಪಂತ ಜಿಗಿದು ನಡುವೆ ಬಂದ. "ಬಿದ್ದಿತ್ತು! ಬಿಸಿಲಿಗಿ ಹಾಕಿ ನೀ ಕೊಂದಿ! ವಕೀಲಸಾಹೇಬ್ರ, ಓದ್ರಿ ಕರಾರು. ಯಾರ ಕೈಲಿಂದ ಬೆಳಿ ಕೆಡ್ತದೋ ಅವನ ಬಂಡವಾಳ ನಮಗ! ಬಿಚ್ರಿ ಎತ್ತು!"

ಕಣದ ಆಚೆ ಹೆಂಗಸರ ಗುಂಪಿನಲ್ಲಿ ಗುರಮ್ಮ ನಿಂತಿದ್ದಳು. ಅವಳು ಬಸವಂತರಾಯನ ಕಡೆ ಒಮ್ಮೆ, ಮುಂಬಯಿ ದಾರಿಯ ಕಡೆ ಒಮ್ಮೆ ನೋಡಿದಳು. ಬಸವಂತರಾಯ ನೆಲ ಹಿಡಿದು ಕೂತ. ಬಿಸಿಲಿಗೆ ಸಾಯುವ ಬೆಳೆ ಒಂದು ಲೋಕದಲ್ಲಿದೆ ಎಂಬುದು ಆ ಕ್ಷಣದಲ್ಲಿ ಅವನಿಗೆ ಮೊದಲ ಸಲ ಹೊಳೆಯಿತು.

ಬುರಾನುದ್ದೀನ ಸಾಹೇಬರು ಕಾಗದ ತಿರುಗಿಸಿ, ಬೆನ್ನ ಮೇಲೆ ಬರೆದದ್ದನ್ನು ಕಂಠ ಸರಿಮಾಡಿಕೊಂಡು ಓದಿದರು. ಮೇಲಿನ ಷರತ್ತು ಆಸ್ಮಾನಿ ಸುಲ್ತಾನಿಗೆ ಲಾಗೂ ಆಗತಕ್ಕದ್ದಲ್ಲ. ಆಕಾಶದಿಂದ ಬಂದ ಆಪತ್ತು ಆಸ್ಮಾನಿ: ಮಳೆ, ಆಲಿಕಲ್ಲು, ಬಿಸಿಲು. ಸರಕಾರದಿಂದ ಬಂದ ಆಪತ್ತು ಸುಲ್ತಾನಿ. ಎರಡರಲ್ಲಿ ಯಾವುದೇ ಆದರೂ ಯಾರ ಬಂಡವಾಳವನ್ನೂ ಯಾರೂ ಮುಟ್ಟತಕ್ಕದ್ದಲ್ಲ.

"ಡಬ್ಬಿ ತೆಗೀರಿ ಅಂದೋರು ಅಮೀನಸಾಹೇಬ್ರು," ಎಂದರು ವಕೀಲರು. "ಅಂದ ಮ್ಯಾಲೆ ಇದು ಸುಲ್ತಾನಿ."

ಚಾಂದಪಾಶಾ ಮೆಟ್ಟಿಬಿದ್ದ. "ಕ್ಯಾ? ಸರಕಾರಾನ ಆಪತ್ತಾ? ಈ ಮಾತು ತಾಲೂಕದಾರರ ಕಿವಿಗಿ ಬಿದ್ರ ನನ್ನ ನೌಕರಿ ಏನಾಗ್ತದ? ನಾ ತೆಗೀರಿ ಅಂದೆ, ಕೊಂದೋನು ನಾನಲ್ಲ. ಕೊಂದಿದ್ದು ಅದು!" ಎಂದು ಅವನು ನೆತ್ತಿಯ ಮೇಲಿನ ಸೂರ್ಯನನ್ನು ತೋರಿಸಿದ. "ಬರಕೋರಿ. ಆಸ್ಮಾನಿ. ನಾ ಸಾಕ್ಷಿ ಹಾಕ್ತೀನಿ."

"ಬಿಸಿಲು ದಿನಾ ಬೀಳ್ತದಲ್ರಿ!" ಎಂದು ದತ್ತೋಪಂತ ಅತ್ತ.

"ದಿನಾ ಬೀಳೋ ಬಿಸಿಲು ನಡ್ಯಂಗಿಲ್ಲ ಅಂತ ಕರಾರಿನಾಗ ಎಲ್ಲೀ ಬರದಿಲ್ಲ," ಎಂದರು ಬುರಾನುದ್ದೀನ ಸಾಹೇಬರು.

ಕಣದಲ್ಲಿ ಒಮ್ಮೆಲೇ ಉಸಿರು ಬಂತು. ಗುರಮ್ಮ ಹೋಗಿ ಎತ್ತುಗಳ ಕೊರಳು ತಬ್ಬಿಕೊಂಡಳು. ಮಲ್ಕಣ್ಣ ಕೂಡ ಎದ್ದು, "ಕರಾರು ಅಂದ್ರ ಇದು ನೋಡ್ರಿ. ನಮ್ಮ ಗಿರಣ್ಯಾಗ ಇಂಥಾದಿಲ್ಲ," ಎಂದ. ಬಸವಂತರಾಯ ಈ ಮಾತಿಗಾಗಿಯೇ ಒಂದು ತಿಂಗಳಿಂದ ಕಾದಿದ್ದ; ಆದರೆ ಅದನ್ನು ಸವಿಯಲು ಬಿಡುವಾಗಲಿಲ್ಲ. ವಕೀಲರು ಇನ್ನೂ ಓದುತ್ತಿದ್ದರು.

"ಹೀಗೆ ಬೆಳೆ ಹೋದಲ್ಲಿ ಪಾಲುಗಾರಿಕೆ ಮುರಿಯತಕ್ಕದ್ದಲ್ಲ. ಅದೇ ಹೊಲ, ಅದೇ ಎತ್ತು, ಅದೇ ಪಾಲುಗಾರರು ಕೂಡಿ ಮತ್ತೆ ಬಿತ್ತತಕ್ಕದ್ದು. ಬೆಳೆ ಕೈಗೆ ಬರುವವರೆಗೆ ಜಮೀನಿನವನು ಉಳಿದ ಪಾಲುಗಾರರ ಹೊಟ್ಟೆಗೆ ಹಾಕತಕ್ಕದ್ದು."

ದತ್ತೋಪಂತ ಇದನ್ನು ಸಾಹೇಬನಿಗೆ ಇಂಗ್ಲಿಷಿನಲ್ಲಿ ಹೇಳಿದ. ಕ್ರಾಮರ್ ಸಾಹೇಬ ಮೇಟಿಯ ಬುಡದಿಂದ ತಲೆಯೆತ್ತಿದ. ಇನ್ನೊಮ್ಮೆ ಹೇಳೆಂದ. ಅವನ ಸಾಬೂನಿನ ಕೆನ್ನೆಯ ಮೇಲೆ ನೀರು ಇಳಿಯಿತು. ಬೆಳೆ ಕಳೆದುಕೊಂಡ ಇವನನ್ನು ಜರ್ಮನಿಯಲ್ಲಾಗಲಿ ಮುಂಬಯಿಯಲ್ಲಾಗಲಿ ಯಾರೂ ಬಾಗಿಲೊಳಗೆ ಬಿಡುತ್ತಿರಲಿಲ್ಲ. ಈಗ ನಿಜಾಮನ ಸ್ಟಾಂಪು ಕಾಗದ ಮತ್ತೆ ಬಿತ್ತಿರಿ ಎನ್ನುತ್ತಿತ್ತು. ಅವನು ಎದ್ದು ಬಂದು ಮೊದಲು ವಕೀಲರ, ಆಮೇಲೆ ಬಸವಂತರಾಯನ ಕೈ ಕುಲುಕಿದ. ಬಸವಂತರಾಯ ನಕ್ಕ. ನಕ್ಕವನು ಲೆಕ್ಕ ಹಾಕಿ ಬೆಚ್ಚಿದ.

ಬೀಜ ಮತ್ತೆ ಹಡಗಿನಲ್ಲಿ ಬರಬೇಕಿತ್ತು. ಸೇಟಜಿ ಸಿಟ್ಟಿನಿಂದ ಒಂದು ಕಾಸೂ ಕಳಿಸಲಿಲ್ಲ, ಕರಾರಿನ ಪ್ರಕಾರ ಉಣ್ಣಿರಿ ಎಂದು ತಾರು ಕಳಿಸಿದ. ಸಾಹೇಬ, ದತ್ತೋಪಂತ, ಮೋಟಾರಿನ ಡ್ರೈವರ, ಕ್ಯಾಮೆರಾ ಹೊರುವ ನಾಲ್ವರು ಬಸವಂತರಾಯನ ಕಟ್ಟೆಯ ಮೇಲೆ ಬಂದು ಕೂತರು. ಕ್ರಾಮರ್ ಸಾಹೇಬನಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಬಹಳ ಹಿಡಿಸಿದವು. ಮಿರಗದ, ಅಂದರೆ ಮೃಗಶಿರೆಯ ಮಳೆ ಬಿತ್ತು. ಊರವರೆಲ್ಲ ಬಿತ್ತಲು ಕೂರಿಗೆ ಹೂಡಿದರು. ಬಸವಂತರಾಯನ ಹೊಲ ಮಾತ್ರ ಸಿನೆಮಾಕ್ಕಾಗಿ ಹಾಗೆಯೇ ಬಿದ್ದಿತ್ತು. ಎತ್ತುಗಳು ಮೆಲುಕು ಹಾಕುತ್ತ ನಿಂತಿದ್ದವು. ಗುರಮ್ಮನ ರೊಟ್ಟಿ ಬಡಿಯುವ ಸದ್ದು ಬೆಳಗಿನಿಂದ ಸಂಜೆಯವರೆಗೆ ಓಣಿಗೆಲ್ಲ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಆ ಸದ್ದು ನಿಂತಿತು. ಗುರಮ್ಮ ಹೊರಗೆ ಬಂದಳು. ಕೊಟ್ಟಿಗೆಗೆ ಹೋಗಿ ಎತ್ತುಗಳ ಹಗ್ಗ ಬಿಚ್ಚಿ ತಂದು ಗಂಡನ ಕೈಗೆ ಕೊಟ್ಟಳು.

"ಕೊಟ್ಟುಬಿಡ್ರಿ."

"ಏನಂದಿ ಬೇ?"

"ಎತ್ತು ಕೊಟ್ಟುಬಿಡ್ರಿ ಅವ್ರಿಗಿ. ನಮ್ಮ ಕೈಲಿಂದೇ ಕೆಡ್ತು ಅಂತ ಬರಕೊಡ್ರಿ. ಹೊಡಕೊಂಡು ಹೋಗ್ಲಿ. ನಿಮ್ಮನ್ನ ಮನ್ಯಾಗೇ ಇಟ್ಟುಕೋತೀನಿ."

ಗುರಮ್ಮ ಆಡಿದ ಮಾತು ಹಿಂದೆ ತೆಗೆದುಕೊಂಡಿದ್ದಳು! ಬಸವಂತರಾಯ ಕಣ್ಣಲ್ಲಿ ನೀರು ತಂದುಕೊಂಡು, ಕಟ್ಟೆಯ ಮೇಲೆ ಊಟಕ್ಕೆ ಕೂತಿದ್ದ ದತ್ತೋಪಂತನ ಮುಂದೆ ಎತ್ತುಗಳನ್ನು ನಿಲ್ಲಿಸಿ, ಹಗ್ಗ ಚಾಚಿದ.

ದತ್ತೋಪಂತ ಹಗ್ಗ ನೋಡಿದ. ಎತ್ತು ನೋಡಿದ. ತಟ್ಟೆಯ ರೊಟ್ಟಿ ನೋಡಿದ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಛೇ ಛೇ, ಎಂಥಾ ಮಾತ್ರಿ! ಆಸ್ಮಾನಿ ಅಂತ ಅಮೀನಸಾಹೇಬ್ರು ಸಾಕ್ಷಿ ಹಾಕ್ಯಾರ. ಸರಕಾರದ ಮಾತು ಮುರಿಯೋ ಧೈರ್ಯ ನನಗಿಲ್ಲ. ಕುಂಡ್ರಿ, ನೀವೂ ಒಂದು ರೊಟ್ಟಿ ತಿನ್ರಿ."

ಬಸವಂತರಾಯನ ಕೈಯಿಂದ ಹಗ್ಗ ಜಾರಿ ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ. ಎತ್ತುಗಳು ಸ್ವಲ್ಪ ಹೊತ್ತು ಇವರನ್ನೂ ಅವರನ್ನೂ ನೋಡಿ, ತಾವೇ ತಿರುಗಿ ಕೊಟ್ಟಿಗೆಗೆ ಹೋದವು.